ಲಿಫ್ಟಿನಲ್ಲಿ ನಿಂತ ಬಾತುಕೋಳಿ

ಬಾತುಕೋಳಿಯ ಕೊಕ್ಕು ಹಳದಿಯಿರಬೇಕೋ ಕಿತ್ತಳೆಯಿರಬೇಕೋ ಎಂಬ ಮಹತ್ವದ ವಿಷಯ ಆ ಶುಕ್ರವಾರ ಸಂಜೆ ಇತ್ಯರ್ಥವಾಗಲೇಬೇಕಿತ್ತು. ಮಹಡಿ ಮೇಲಿನ ಕೋಣೆಯ ಬಾಗಿಲು ಹಾಕಿತ್ತು. ಕಿಟಕಿಗೆ ಪರದೆ ಎಳೆದಿತ್ತು. ಟೀ ಆರಿಹೋಗ್ತಿದೆ ಎಂದು ಅಜ್ಜಿ ಕೆಳಗಿನಿಂದ ಕೂಗಿದರೂ ಒಳಗಿದ್ದ ಇಬ್ಬರೂ ಕದಲಲಿಲ್ಲ. ಎರಡು ದೇಶಗಳು ಗಡಿ ಜಗಳ ಬಗೆಹರಿಸಲು ಕೂತರೂ ನಡುವೆ ಒಂದು ಟೀ ಕುಡಿಯುತ್ತವೆ. ಇಲ್ಲಿ ಅದೂ ಇಲ್ಲ.

"ಕಿತ್ತಳೆ," ಅಂದಳು ರೇಡಿಯೋ.

"ಹಳದಿ," ಅಂದಳು ಅತ್ತೆ.

"ಕಿತ್ತಳೆ!"

"ನಿಜವಾದ ಬಾತುಕೋಳೀನ ಹತ್ತಿರದಿಂದ ನೋಡಿದ್ದೀಯಾ ನೀನು?"

"ಲಿಫ್ಟಲ್ಲಿ ಓಡಾಡೋ ಬಾತುಕೋಳೀನ ನೀನು ನೋಡಿದ್ದೀಯಾ?"

ಅತ್ತೆ ಮೌಸಿಗೆ ಕೈ ಹಾಕಿದಳು. ಮೌಸ್ ಒಮ್ಮೆ ಟಿಕ್ ಎಂದಿತು. ಕೊಕ್ಕು ಕಿತ್ತಳೆಯಾಯಿತು.

ರೇಡಿಯೋ ಎನ್ನುವುದು ಅಪ್ಪ ಇಟ್ಟ ಅಡ್ಡಹೆಸರು. ಎದ್ದಾಗಿನಿಂದ ಮಲಗುವವರೆಗೆ ಅವಳ ಬಾಯಿ ಅರಳು ಹುರಿದ ಹಾಗೆ ಪಟಪಟ ಅನ್ನುತ್ತಲೇ ಇರುತ್ತಿತ್ತು. ಹೆಸರಿಟ್ಟು ಸ್ವಲ್ಪ ದಿನವಾದ ಮೇಲೆ ಅಪ್ಪನೇ ತಪ್ಪು ಒಪ್ಪಿಕೊಂಡ. "ರೇಡಿಯೋಗಾದ್ರೂ ಆಫ್ ಮಾಡೋ ಗುಂಡಿ ಇರುತ್ತೆ," ಅಂದ.

ಅತ್ತೆ ಅಪ್ಪನ ತಂಗಿ. ಬೆಳಿಗ್ಗೆಯೆಲ್ಲ ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. "ಈಗ ಚೆನ್ನಾಗಿ ಕಾಣ್ತಿದ್ಯಾ? ಈಗ?" ಎಂದು ಬಂದವರನ್ನೆಲ್ಲ ಕೇಳುವುದು. ಮಧ್ಯಾಹ್ನ ಮನೆಗೆ ಬಂದು, ಊಟ ಮುಗಿಸಿ, ಮೆಟ್ಟಿಲು ಹತ್ತಿ ಮೇಲೆ ಹೋದಳೆಂದರೆ ಅವಳು ವಿಡಿಯೋ ಗೇಮ್ ಮಾಡುವವಳು.

ವಿಡಿಯೋ ಗೇಮ್ ಮಾಡುವುದೆಂದರೆ ಗಾಜಿನ ಕಟ್ಟಡ, ತಿರುಗುವ ಕುರ್ಚಿ, ಗೋಡೆಯಷ್ಟು ದೊಡ್ಡ ಟಿವಿ ಎಂದು ರೇಡಿಯೋಳ ಕ್ಲಾಸಿನವರು ತಿಳಿದಿದ್ದರು. ಅತ್ತೆಯ ಕುರ್ಚಿ ತಿರುಗುತ್ತಿರಲಿಲ್ಲ. ಒಂದು ಕಾಲು ಗಿಡ್ಡವಾದ್ದರಿಂದ ಅಲುಗಾಡುತ್ತಿತ್ತು, ಅಷ್ಟೆ. ಕಂಪನಿ ಎಂದರೂ ಅವಳೊಬ್ಬಳೇ. ಚಿತ್ರ ಬರೆಯುವವಳು ಅವಳೇ, ಕೋಡ್ ಬರೆಯುವವಳೂ ಅವಳೇ. ಕೋಡ್ ಕೈಕೊಟ್ಟಾಗ ಬೈಯುವವಳೂ ಅವಳೇ, ಬೈಸಿಕೊಳ್ಳುವವಳೂ ಅವಳೇ. ಲಿಫ್ಟಿನ ಗಂಟೆಯ ಸದ್ದು ಬೇಕೆಂದು ಅಡುಗೆಮನೆಯ ಚಮಚ ತಂದು ಗಾಜಿನ ಲೋಟಕ್ಕೆ ಟಿಣ್ ಎಂದು ಬಡಿದು ರೆಕಾರ್ಡ್ ಮಾಡಿದ್ದಳು. ಆ ಚಮಚ ಇನ್ನೂ ಕೆಳಗೆ ವಾಪಸಾಗಿರಲಿಲ್ಲ. ಅಜ್ಜಿ ಅದನ್ನು ಮರೆತಿರಲೂ ಇಲ್ಲ.

ಗೇಮಿನಲ್ಲಿ ಒಬ್ಬ ಲಿಫ್ಟ್ ಮಾಮ ಇದ್ದಾನೆ. ಕೆಂಪು ಟೋಪಿ, ಗುಂಗುರು ಮೀಸೆ. ಎತ್ತರದ ಕಟ್ಟಡವೊಂದರಲ್ಲಿ ಕರಡಿ, ಮೊಲ, ಜಿರಾಫೆ ಎಲ್ಲರನ್ನೂ ಅವರವರ ಮಹಡಿಗೆ ತಲುಪಿಸುವುದು ಅವನ ಕೆಲಸ. ತಪ್ಪು ಮಹಡಿಯಲ್ಲಿ ಇಳಿಸಿದರೆ ಕರಡಿ ಮೂತಿ ತಿರುಗಿಸುತ್ತದೆ. ಇಷ್ಟು ಹೇಳುವುದಕ್ಕೆ ಒಂದು ನಿಮಿಷ ಸಾಕು. ಮಾಡುವುದಕ್ಕೆ, ರೇಡಿಯೋಳ ಹಾಲುಹಲ್ಲುಗಳೆಲ್ಲ ಬಿದ್ದು ಹೊಸ ಹಲ್ಲು ಬರುವಷ್ಟು ಕಾಲ ಹಿಡಿದಿತ್ತು.

ಅಜ್ಜಿ ದಿನಾ ಊಟಕ್ಕೆ ಬಡಿಸುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಏನೇ, ನಿನ್ನ ಲಿಫ್ಟು ಮೇಲೆ ಹೋಯ್ತಾ?"

"ಇನ್ನೂ ಇಲ್ಲಮ್ಮ."

"ಮೆಟ್ಟಿಲು ಹತ್ತಿದ್ದಿದ್ರೆ ಇಷ್ಟೊತ್ತಿಗೆ ತಲುಪಿರೋದು."

ಅತ್ತೆ ನಕ್ಕು ತಟ್ಟೆ ಮುಂದೆ ಚಾಚುತ್ತಿದ್ದಳು.

ಈಗ ಕೊನೆಗೂ ಲಿಫ್ಟ್ ಮೇಲೆ ಹೋಗುವ ಕಾಲ ಬಂದಿತ್ತು. ಸೋಮವಾರ ಬೆಳಿಗ್ಗೆ ಗೇಮಿನ ಡೆಮೋ ಇಂಟರ್ನೆಟ್ಟಿಗೆ ಹೋಗಲಿತ್ತು. ಡೆಮೋ ಎಂದರೆ ಗೇಮಿನ ಮೊದಲ ತುಂಡು. ಯಾವ ಊರಿನ ಯಾರು ಬೇಕಾದರೂ ಇಳಿಸಿಕೊಂಡು ಆಡಿ ನೋಡಬಹುದು. ಆ ಮೊದಲ ತುಂಡಿನ ಮೊದಲ ಬಾಗಿಲಲ್ಲೇ ನಿಂತಿತ್ತು ಬಾತುಕೋಳಿ.

ಇಡೀ ಗೇಮಿನಲ್ಲಿ ರೇಡಿಯೋಳದು ಎನ್ನುವುದು ಅದೊಂದೇ. ಬಾತುಕೋಳಿ ಬೇಕು ಎಂದವಳು ಅವಳು. ಅದರ "ಕ್ವಾಕ್" ಅವಳದೇ ದನಿ. ಬೀದಿಯ ಸ್ಕೂಟರುಗಳ ಸದ್ದು ಸೇರಬಾರದೆಂದು ಅತ್ತೆ ಅವಳಿಗೆ ತಲೆತುಂಬ ಕಂಬಳಿ ಹೊದಿಸಿ, ಬೆವರಿಳಿಯುವವರೆಗೆ ಕ್ವಾಕ್ ಅನ್ನಿಸಿದ್ದಳು. ಕೊನೆಗೆ ಆರಿಸಿದ್ದು ರೇಡಿಯೋಗೆ ಸೀನು ಬರುತ್ತಿದ್ದಾಗ ಅಂದ ಕ್ವಾಕ್. ಅದೇ ಎಲ್ಲಕ್ಕಿಂತ ಬಾತುಕೋಳಿಯ ಹಾಗಿತ್ತಂತೆ.

ಬಾತುಕೋಳಿಯನ್ನು ದಾಟುವ ಉಪಾಯವೂ ರೇಡಿಯೋಳದೇ. ಲಿಫ್ಟ್ ಬಾಗಿಲು ತೆರೆದಾಗ ಅದು ಒಳಗೆ ನಿಂತಿರುತ್ತದೆ. ಲಿಫ್ಟ್ ಮಾಮ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಡಬೇಕು. ಆಗ ಅದು ಹೊರಗೆ ಬಂದು ತನ್ನ ಪಾಡಿಗೆ ಹೋಗುತ್ತದೆ. ಒಳಗಿದ್ದವರು ಹೊರಗೆ ಬಂದ ಮೇಲೆ ತಾನೇ ಹೊರಗಿದ್ದವರು ಒಳಗೆ ಹೋಗುವುದು? ಇದಕ್ಕಿಂತ ಸುಲಭದ್ದು ಇನ್ನೇನಿದೆ?

"ನಾಳೆ ಗೊತ್ತಾಗುತ್ತೆ," ಅಂದಳು ಅತ್ತೆ. ಕನ್ನಡಕದ ಅಂಗಡಿಯ ಪುಟ್ಟ ಬಟ್ಟೆಯಿಂದ ಕಂಪ್ಯೂಟರ್ ಪರದೆ ಒರೆಸುತ್ತಿದ್ದಳು. "ನಿನ್ನ ಫ್ರೆಂಡ್ಸ್ ಬರ್ತಿದ್ದಾರಲ್ಲ, ಅವರ ಕೈ ಹೇಳುತ್ತೆ."

"ಕೈ ಅಲ್ಲ ಅತ್ತೆ, ಬಾಯಿ ಹೇಳುತ್ತೆ."

"ಬಾಯಿ ಬಿಡು. ಮನೆಗೆ ಬಂದವರ ಬಾಯಿ ಯಾವಾಗ್ಲೂ ಚೆನ್ನಾಗಿದೆ ಅಂತಾನೇ ಹೇಳೋದು. ನಾನು ಕೈ ನೋಡ್ತೀನಿ." ಆಮೇಲೆ ಅತ್ತೆ ಕುರ್ಚಿಯನ್ನು ಅವಳತ್ತ ಎಳೆದುಕೊಂಡು ಕೂತಳು. "ಇನ್ನೊಂದು ವಿಷಯ. ಅವರು ಆಡ್ತಿರುವಾಗ ನೀನು ಮಾತಾಡೋ ಹಾಗಿಲ್ಲ."

"ಸರಿ, ಮೆತ್ತಗೆ ಮಾತಾಡ್ತೀನಿ."

"ಮೆತ್ತಗೂ ಇಲ್ಲ, ಜೋರಾಗೂ ಇಲ್ಲ. ಬೆರಳು ತೋರಿಸೋದು, ಕಣ್ಣು ಮಿಟುಕಿಸೋದು, ಅಯ್ಯೋ ಅಂತ ಹಣೆ ಚಚ್ಚಿಕೊಳ್ಳೋದು, ಯಾವುದೂ ಇಲ್ಲ."

"ಯಾಕೆ? ಗೊತ್ತಾಗದಿದ್ರೆ ಹೇಳಿಕೊಡಬಾರದಾ?"

"ಸೋಮವಾರ ಎಲ್ಲೋ ಯಾರೋ ಈ ಗೇಮ್ ಇಳಿಸ್ಕೋತಾರೆ. ಅವರಿಗೆ ಹೇಳಿಕೊಡೋಕೆ ನಿನ್ನನ್ನೂ ಡಬ್ಬದಲ್ಲಿ ಹಾಕಿ ಜೊತೆಗೆ ಕಳಿಸ್ಲಾ?"

ಅದು ಅಷ್ಟೇನೂ ಕೆಟ್ಟ ಯೋಚನೆ ಅಲ್ಲ ಅನ್ನಿಸಿತು ರೇಡಿಯೋಗೆ. ಆದರೂ ತಲೆಯಾಡಿಸಿದಳು.

ಶನಿವಾರ ಇಬ್ಬರು ಬಂದರು. ಒಬ್ಬಳು ಕ್ಯಾಪ್ಟನ್. ಶಾಲೆಯ ಫುಟ್‌ಬಾಲ್ ಟೀಮಿನ ನಾಯಕಿ, ಮೊಣಕಾಲಲ್ಲಿ ಯಾವಾಗಲೂ ಒಂದು ಪಟ್ಟಿ. ಇನ್ನೊಬ್ಬ ಇರುವೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಕುಳ್ಳ, ಎಲ್ಲರಿಗಿಂತ ಸಾಧು. ಯಾರಾದರೂ ಕಾಲು ತುಳಿದರೆ ತಾನೇ ಸಾರಿ ಅನ್ನುವವನು. "ನನ್ನ ಬಾತುಕೋಳಿ, ನನ್ನ ಬಾತುಕೋಳಿ" ಎಂದು ರೇಡಿಯೋ ವಾರವಿಡೀ ಅವರ ಕಿವಿ ತೂತು ಮಾಡಿದ್ದಳು. ಅದನ್ನು ದಾಟುವ ಉಪಾಯ ಮಾತ್ರ ಹೇಳಿರಲಿಲ್ಲ. ಅದು ಅವಳ ಜೀವನದಲ್ಲೇ ದೊಡ್ಡ ಸಾಧನೆ.

ಇರುವೆಯನ್ನು ಕೆಳಗೆ ಅಜ್ಜಿಯ ಹತ್ತಿರ ಬಿಸ್ಕತ್ತು ತಿನ್ನಲು ಕೂರಿಸಿ, ಮೊದಲು ಕ್ಯಾಪ್ಟನ್‌ಳನ್ನು ಮೇಲೆ ಕರೆದುಕೊಂಡು ಹೋದರು. ಅತ್ತೆ ಅವಳನ್ನು ಅಲುಗಾಡುವ ಕುರ್ಚಿಯಲ್ಲಿ ಕೂರಿಸಿದಳು. ತಾನು ಹಿಂದೆ ಗೋಡೆಗೆ ಒರಗಿ ನಿಂತಳು. ರೇಡಿಯೋ ಮೂಲೆಯ ರಟ್ಟಿನ ಪೆಟ್ಟಿಗೆಯ ಮೇಲೆ ದಿಂಬು ತಬ್ಬಿಕೊಂಡು ಕೂತಳು.

ಟಿಣ್! ಲಿಫ್ಟ್ ಬಾಗಿಲು ತೆರೆಯಿತು.

"ಕ್ವಾಕ್," ಅಂದಿತು ಬಾತುಕೋಳಿ.

"ಏ, ಇದು ನಿನ್ನ ವಾಯ್ಸ್!" ಕ್ಯಾಪ್ಟನ್ ನಕ್ಕಳು. ರೇಡಿಯೋಳ ಮುಖ ಊರಗಲವಾಯಿತು.

ಕ್ಯಾಪ್ಟನ್ ಮುಂದೆ ಹೋಗುವ ಬಾಣದ ಗುಂಡಿ ಒತ್ತಿದಳು. ಲಿಫ್ಟ್ ಮಾಮ ಬಾತುಕೋಳಿಗೆ ಡಿಕ್ಕಿ ಹೊಡೆದ. ಬಾತುಕೋಳಿ ಕದಲಲಿಲ್ಲ. ಮತ್ತೆ ಡಿಕ್ಕಿ. "ಕ್ವಾಕ್." ಮತ್ತೆ.

"ಒದೆಯೋ ಬಟನ್ ಯಾವುದು?"

ಅತ್ತೆ ಅವಳ ಕೈಯನ್ನೇ ನೋಡುತ್ತಿದ್ದಳು. ಕ್ಯಾಪ್ಟನ್ ಬಾಣದ ಗುಂಡಿಗಳನ್ನು ಬಿಟ್ಟು ಕೀಬೋರ್ಡಿನ ಉಳಿದ ಎಲ್ಲ ಗುಂಡಿಗಳನ್ನೂ ಒಂದು ಕಡೆಯಿಂದ ಕುಟ್ಟುತ್ತ ಬಂದಳು. ಯಾವುದರಿಂದಲೂ ಏನೂ ಆಗಲಿಲ್ಲ.

"ಹ್ಯಾಂಗ್ ಆಗಿದೆ ಇದು."

ರೇಡಿಯೋ ದಿಂಬಿನ ಮೂಲೆಯನ್ನು ಬಾಯಿಗೆ ತುರುಕಿಕೊಂಡಳು. ಹಿಂದೆ. ಹಿಂದೆ ಹೋಗೇ. ಒಂದೇ ಒಂದು ಹೆಜ್ಜೆ.

"ಬಾತುಕೋಳೀನ ಸಾಯಿಸ್ಬೇಕಾ?" ಕೇಳಿದಳು ಕ್ಯಾಪ್ಟನ್.

"ಹಿಂದಕ್ಕೆ ಹೋಗೇ, ದಡ್ಡಿ!" ದಿಂಬು ಹಾರಿ ನೆಲಕ್ಕೆ ಬಿತ್ತು. "ಅದಕ್ಕೆ ದಾರಿ ಬಿಡೇ! ಅದು ಹೊರಗೆ ಬರ್ಬೇಕು ತಾನೇ?"

"ಓ," ಅಂದಳು ಕ್ಯಾಪ್ಟನ್. ಹಿಂದೆ ಸರಿದಳು. ಬಾತುಕೋಳಿ ಗಂಭೀರವಾಗಿ ಹೊರಗೆ ಬಂದು ಹೊರಟುಹೋಯಿತು. ಅಲ್ಲಿಂದ ಮುಂದೆ ಆಟ ಸರಾಗವಾಗಿ ಓಡಿತು. ಕರಡಿ ಮೂತಿ ತಿರುಗಿಸಿದಾಗ ಕ್ಯಾಪ್ಟನ್ ಬಿದ್ದು ಬಿದ್ದು ನಕ್ಕಳು. ಮುಗಿದ ಮೇಲೆ, "ಸೂಪರ್ ಆಗಿದೆ ಆಂಟಿ," ಅಂದು ದಡದಡ ಮೆಟ್ಟಿಲಿಳಿದಳು.

"ನೋಡಿದ್ಯಾ? ಸೂಪರ್ ಅಂತೆ," ಅಂದಳು ರೇಡಿಯೋ.

ಅತ್ತೆ ನೆಲದ ಮೇಲಿದ್ದ ದಿಂಬು ಎತ್ತಿ ಧೂಳು ಕೊಡವಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿರುತ್ತಿತ್ತು.

"ಬಾಗಿಲ ಹತ್ರ ಆಡಿದ್ದು ಅವಳಲ್ಲ ಕಣೇ, ನೀನು," ಅಂದಳು. "ಅವಳು ಬರೀ ಗುಂಡಿ ಒತ್ತಿದ್ಲು."

ಇರುವೆ ಬಂದಾಗ ರೇಡಿಯೋ ದಿಂಬನ್ನು ಎರಡು ಕೈಯಲ್ಲೂ ಬಾಯಿಗೆ ಒತ್ತಿ ಹಿಡಿದಳು.

ಟಿಣ್. "ಕ್ವಾಕ್."

ಇರುವೆ ಮೆಲ್ಲಗೆ ಮುಂದೆ ಹೋದ. ಬಾತುಕೋಳಿಗೆ ತಾಗಿದ. ಅಲ್ಲೇ ನಿಂತುಕೊಂಡ. ಬಾತುಕೋಳಿ ಅವನನ್ನು ನೋಡಿತು, ಅವನು ಬಾತುಕೋಳಿಯನ್ನು ನೋಡಿದ. ಕಂಪ್ಯೂಟರಿನ ಫ್ಯಾನ್ ಗುಯ್ ಎನ್ನುತ್ತಿತ್ತು. ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು, ಅದೂ ಹೊರಡುತ್ತಿರಲಿಲ್ಲ. ಇರುವೆಯ ಬೆರಳು ಗುಂಡಿಯ ಮೇಲಿಂದ ನಿಧಾನವಾಗಿ ಜಾರಿ ಅವನ ತೊಡೆಯ ಮೇಲೆ ಬಂದು ಕೂತಿತು.

"ಚೆನ್ನಾಗಿದೆ ಆಂಟಿ," ಅಂದ.

"ಮುಗೀತಾ?"

"ಹೂಂ. ಬಾತುಕೋಳಿ ತುಂಬಾ ಚೆನ್ನಾಗಿದೆ." ಆಮೇಲೆ ರೇಡಿಯೋಳತ್ತ ತಿರುಗಿ, ಯಾವ ತಪ್ಪೂ ಮಾಡದವನು, "ಸಾರಿ," ಅಂದ.

ಅವನು ಮೆಟ್ಟಿಲ ಬುಡ ತಲುಪುವಷ್ಟರಲ್ಲಿ ಕೆಳಗಿನಿಂದ ಕ್ಯಾಪ್ಟನ್ ಕೂಗಿದ್ದು ಮೇಲಕ್ಕೂ ಕೇಳಿಸಿತು. "ಹಿಂದಕ್ಕೆ ಹೋಗ್ಬೇಕಿತ್ತು ಕಣೋ!"

ರೇಡಿಯೋ ದಿಂಬು ಕೆಳಗಿಟ್ಟಳು. ಅದರ ಮೂಲೆ ಒದ್ದೆಯಾಗಿತ್ತು.

"ಅವರಿಬ್ಬರೂ ದಡ್ಡರು," ಅಂದಳು.

"ಕ್ಯಾಪ್ಟನ್ ಮ್ಯಾಥ್ಸಲ್ಲಿ ನಿನಗಿಂತ ಮುಂದೆ ಅಂತ ನೀನೇ ಹೇಳಿದ್ದೆ."

"ಹಾಗಾದ್ರೆ ಒಂದು ಬೋರ್ಡ್ ಹಾಕು. 'ಹಿಂದೆ ಸರಿಯಿರಿ' ಅಂತ."

"ನಿಮ್ಮ ಶಾಲೆ ಕಾರಿಡಾರಲ್ಲಿ 'ಓಡಬೇಡಿ' ಅಂತ ಬೋರ್ಡ್ ಇದೆಯಲ್ಲ?"

ರೇಡಿಯೋ ನಾಲಿಗೆಯಿಂದ ಹಲ್ಲು ಸವರಿಕೊಂಡಳು. ಆ ಬೋರ್ಡಿಗೆ ಡಿಕ್ಕಿ ಹೊಡೆದೇ ಅವಳ ಹೊಸ ಹಲ್ಲು ಒಂದು ಚೂರು ಮುರಿದಿತ್ತು.

ಅತ್ತೆ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ಮೊದಲ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡ್ರೆ ಜನ ಕಾಯಲ್ಲ ಮರಿ. ಮುಚ್ಚಿಟ್ಟು ಬೇರೆ ಗೇಮ್ ಆಡ್ತಾರೆ. ಜಿರಾಫೇನೂ ನೋಡಲ್ಲ, ಕರಡೀನೂ ನೋಡಲ್ಲ. ನಾಳೆ ಸಂಜೆವರೆಗೆ ಯೋಚನೆ ಮಾಡೋಣ. ಹೇಳಿಕೊಡದೇನೇ ಅರ್ಥ ಆಗ್ಬೇಕು. ಆಗಲಿಲ್ಲ ಅಂದ್ರೆ ಬಾತುಕೋಳಿ ಅಟ್ಟಕ್ಕೆ."

ಅಟ್ಟ ಎನ್ನುವುದು ಅತ್ತೆಯ ಕಂಪ್ಯೂಟರಿನ ಒಂದು ಫೋಲ್ಡರ್. ಗೇಮಿನಿಂದ ತೆಗೆದದ್ದೆಲ್ಲ ಅಲ್ಲಿಗೆ ಹೋಗುತ್ತಿತ್ತು.

"ನನ್ನದೇ ಯಾಕೆ?" ರೇಡಿಯೋಳ ದನಿ ಏರಿತು. "ಇರೋದೇ ಒಂದು ನನ್ನದು! ನಿನ್ನದು ಏನಾದ್ರೂ ತೆಗೆದಿದ್ದೀಯಾ ನೀನು?"

ಅತ್ತೆ ಎದ್ದು ಹೋಗಿ ಆ ಫೋಲ್ಡರ್ ತೆರೆದಳು.

ಪರದೆಯ ಮೇಲೆ ಒಂದು ತೋಟ ಬಂತು. ಕಟ್ಟಡದ ತಾರಸಿಯ ಮೇಲಿನ ತೋಟ. ಗಾಳಿ ಬೀಸುತ್ತಿತ್ತು, ಒಂದೊಂದು ಎಲೆಯೂ ಬೇರೆ ಬೇರೆಯಾಗಿ ಅಲುಗುತ್ತಿತ್ತು. ಮೂಲೆಯ ನಲ್ಲಿಯಿಂದ ತೊಟ್ಟಿಕ್ಕುವ ನೀರು ಬಕೆಟ್ಟಿನಲ್ಲಿ ಉಂಗುರ ಉಂಗುರವಾಗಿ ಹರಡುತ್ತಿತ್ತು. ಹಿಂದೆ ಸೂರ್ಯ ಇಳಿಯುತ್ತಿದ್ದ, ಹೂವುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು.

ರೇಡಿಯೋಗೆ ಅದು ನೆನಪಾಯಿತು. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಅತ್ತೆ ಆ ಎಲೆಗಳನ್ನು ಬರೆಯುತ್ತಿದ್ದಳು. ಎರಡನೇ ಕ್ಲಾಸಿಗೆ ಹೋದಾಗಲೂ ಬರೆಯುತ್ತಿದ್ದಳು.

"ಇದನ್ನ ಯಾಕೆ ತೆಗೆದೆ? ಇದೇ ಎಲ್ಲಕ್ಕಿಂತ ಚೆನ್ನಾಗಿತ್ತು."

"ಅದೇ ತೊಂದರೆ ಆಗಿದ್ದು. ಇಲ್ಲಿಗೆ ಬಂದವರು ಲಿಫ್ಟಿಗೆ ವಾಪಸ್ ಹೋಗ್ತಾನೇ ಇರ್ಲಿಲ್ಲ. ನಲ್ಲಿ ನೋಡ್ತಾ ನಿಂತುಬಿಡ್ತಿದ್ರು. ಪಾಪ, ಕೆಳಗೆ ಕರಡಿ ಕಾಯ್ತಾ ಇತ್ತು."

"ನಿನಗೆ ಅಳು ಬರ್ಲಿಲ್ವಾ?"

"ಬಂತು. ಅತ್ತುಬಿಟ್ಟೆ. ಆಮೇಲೆ ಹಸಿವಾಯ್ತು, ಕೆಳಗೆ ಹೋಗಿ ಊಟ ಮಾಡ್ದೆ."

ಅತ್ತೆ ಇದನ್ನು ಎಷ್ಟು ಸಲೀಸಾಗಿ ಹೇಳಿದಳೆಂದರೆ, ರೇಡಿಯೋಗೆ ಮುಖ ಊದಿಸಿಕೊಂಡು ಕೂರುವುದಕ್ಕೆ ಕಷ್ಟವಾಯಿತು. ಆದರೂ ಊದಿಸಿಕೊಂಡೇ ಕೆಳಗೆ ಹೋದಳು. ಒಂದು ಬಿಸ್ಕತ್ತು ತಿಂದಳು. ಇರುವೆ ತನಗಾಗಿ ಎತ್ತಿಟ್ಟು ಹೋಗಿದ್ದಾನೆ ಎಂದು ಅಜ್ಜಿ ಹೇಳಿದ ಮೇಲೆ ಇನ್ನೊಂದೂ ತಿಂದಳು.

ಸಂಜೆ ಅವಳು ಮತ್ತೆ ಮೇಲೆ ಹೊರಟಳು. ಆ ಮನೆಯ ಮೆಟ್ಟಿಲು ಬಹಳ ಇಕ್ಕಟ್ಟು. ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯುವ ಹಾಗಿಲ್ಲ. ರೇಡಿಯೋ ನಡುವೆ ತಲುಪಿದಾಗ ಮೇಲಿನಿಂದ ಅಜ್ಜಿ ಇಳಿಯುತ್ತಿದ್ದಳು. ತಾರಸಿಯಲ್ಲಿ ಒಣಗಿದ ಬಟ್ಟೆಗಳ ರಾಶಿ ಅವಳ ಎರಡು ತೋಳಿನಲ್ಲೂ ಗಲ್ಲದವರೆಗೆ ತುಂಬಿತ್ತು. ಮೊಣಕಾಲು ನೋವಾದ್ದರಿಂದ ಅಜ್ಜಿ ನೇರ ಇಳಿಯುತ್ತಿರಲಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತ, ಧೊಪ್ ಧೊಪ್ ಎಂದು ಇಳಿಯುತ್ತಿದ್ದಳು.

ರೇಡಿಯೋ ಏನೋ ಯೋಚನೆಯಲ್ಲಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ತಾನು ಮತ್ತೆ ಮೆಟ್ಟಿಲ ಬುಡದಲ್ಲೇ ನಿಂತಿದ್ದಳು. ಅಜ್ಜಿ ಅವಳ ಮುಂದೆಯೇ ದಾಟಿಕೊಂಡು ಒಳಕೋಣೆಗೆ ಹೋಗುತ್ತಿದ್ದಳು.

"ಅಜ್ಜಿ!"

"ಏನೇ?"

"ನನಗೆ ಹಿಂದೆ ಹೋಗು ಅಂದ್ಯಾ ನೀನು?"

"ನಾನ್ಯಾಕೆ ಅನ್ಲಿ? ನೀನೇ ಹೋದೆ."

"ಸರಿ ಅಂದ್ಯಾ? ದಾರಿ ಬಿಡು ಅಂದ್ಯಾ?"

"ಬಾಯೇ ಬಿಟ್ಟಿಲ್ಲ ನಾನು. ಈ ಮನೇಲಿ ನಿನ್ನ ಬಿಟ್ಟು ಇನ್ಯಾರಿಗೆ ಬಾಯಿ ಬಿಡೋಕೆ ಸಂದು ಸಿಗುತ್ತೆ?"

ರೇಡಿಯೋ ಅಷ್ಟರಲ್ಲಿ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಮೇಲೆ ತಲುಪಿದ್ದಳು.

"ಅತ್ತೆ! ಬಾತುಕೋಳಿ ಸುಮ್ನೆ ನಿಂತಿದೆ!"

"ಅದು ನನಗೂ ಗೊತ್ತು."

"ಅಯ್ಯೋ, ಅದಕ್ಕೇ ಯಾರಿಗೂ ಗೊತ್ತಾಗ್ತಿಲ್ಲ! ಅದು ಹೊರಗೆ ಬರ್ಬೇಕು ಅಂತ ನಮಗಿಬ್ಬರಿಗೆ ಗೊತ್ತು, ಬಾತುಕೋಳಿಗೇ ಗೊತ್ತಿಲ್ಲ! ಅದು ನಿಲ್ಲಬಾರದು. ಬರ್ತಾ ಇರ್ಬೇಕು. ನಮ್ಮ ಮೇಲೇನೇ ಬರ್ಬೇಕು. ಹೀಗೆ!"

ಅವಳು ಅತ್ತೆಯ ಹೊದಿಕೆಯನ್ನು ಮುದ್ದೆ ಮಾಡಿ ಎರಡು ತೋಳಿನಲ್ಲಿ ಗಲ್ಲದವರೆಗೆ ತುಂಬಿಕೊಂಡಳು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತ, ಧೊಪ್ ಧೊಪ್ ಎಂದು ಅತ್ತೆಯ ಕಡೆಗೆ ನಡೆದಳು. ಅತ್ತೆ ಕುರ್ಚಿಯಿಂದ ಎದ್ದಳು. ಒಂದು ಹೆಜ್ಜೆ ಹಿಂದೆ ಹೋದಳು. ಇನ್ನೊಂದು. ಬೆನ್ನು ಗೋಡೆಗೆ ತಾಗಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಇನ್ನೊಂದ್ಸಲ ನಡಿ," ಅಂದಳು ಅತ್ತೆ. ಅವಳ ಕೈ ಆಗಲೇ ಪೆನ್ ಹುಡುಕುತ್ತಿತ್ತು.

ಭಾನುವಾರ ಮಧ್ಯಾಹ್ನದವರೆಗೆ ರೇಡಿಯೋ ಕೋಣೆಯ ತುಂಬ ವಾಲಿ ವಾಲಿ ನಡೆದಳು. ಅತ್ತೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಮೊದಲ ಬಾತುಕೋಳಿ ಗೋಡೆಯೊಳಗೇ ನಡೆದುಹೋಯಿತು. ಎರಡನೆಯದು ಲಿಫ್ಟ್ ಮಾಮನನ್ನು ಕಟ್ಟಡದಿಂದಲೇ ಆಚೆಗೆ ತಳ್ಳಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಊಟದ ಹೊತ್ತಿಗೆ ಬಾತುಕೋಳಿ ನೆಟ್ಟಗೆ, ಅಂದರೆ ನೆಟ್ಟಗಲ್ಲದೆ, ನಡೆಯತೊಡಗಿತು.

"ಈಗ ಹೊಸಬರು ಬೇಕು," ಅಂದಳು ಅತ್ತೆ. "ಕ್ಯಾಪ್ಟನ್, ಇರುವೆ ಇಬ್ಬರಿಗೂ ಉಪಾಯ ಗೊತ್ತಾಗಿದೆ, ಅವರು ಈಗ ಹಳಬರು. ನಿಮ್ಮಪ್ಪ ಅಮ್ಮನಿಗೆ ನೀನು ಎಲ್ಲ ಹೇಳಿಯಾಗಿದೆ."

ಈ ಬಾತುಕೋಳಿಯ ಬಗ್ಗೆ ಏನೂ ಗೊತ್ತಿಲ್ಲದವರು ಬೀದಿಯಲ್ಲೇ ಯಾರೂ ಉಳಿದಿರಲಿಲ್ಲ. ರೇಡಿಯೋ ಮಾತಾಡಲು ಶುರುಮಾಡಿದ ಕೂಡಲೇ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದ ಒಬ್ಬರನ್ನು ಬಿಟ್ಟು.

"ನನಗೇನೂ ಬರಲ್ಲ ಕಣ್ರೇ," ಅಂದಳು ಅಜ್ಜಿ.

"ಅದಕ್ಕೇ ನೀನೇ ಬೇಕು."

"ಏನಾದ್ರೂ ಮುರಿದ್ರೆ?"

"ಮುರೀಲಿ ಅಂತಾನೇ ಕೂರಿಸ್ತಿರೋದಮ್ಮ."

ಅಜ್ಜಿ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡಳು. ಅತ್ತೆ ಬಾಣದ ಗುರುತಿನ ಗುಂಡಿಗಳನ್ನು ತೋರಿಸಿ, ಇವು ನಡೆಯುವುದಕ್ಕೆ ಅಂದಳು. ಮತ್ತೇನೂ ಹೇಳಲಿಲ್ಲ. ರೇಡಿಯೋ ದಿಂಬು ತೆಗೆದುಕೊಳ್ಳಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಟಿಣ್!

"ಇದು ನನ್ನ ಚಮಚದ ಸದ್ದು," ಅಂದಳು ಅಜ್ಜಿ.

ರೇಡಿಯೋ ತುಟಿಗಳನ್ನು ಒಳಗೆ ಮಡಚಿಕೊಂಡಳು.

ಬಾಗಿಲು ತೆರೆಯಿತು. "ಕ್ವಾಕ್." ಅಜ್ಜಿ ಒಂದು ಬೆರಳಿನಿಂದ, ಬಿಸಿ ಪಾತ್ರೆ ಮುಟ್ಟುವ ಹಾಗೆ, ಮುಂದೆ ಹೋಗುವ ಗುಂಡಿ ಒತ್ತಿದಳು. ಲಿಫ್ಟ್ ಮಾಮ ಬಾತುಕೋಳಿಗೆ ತಾಗಿದ. ರೇಡಿಯೋ ಉಸಿರು ಬಿಗಿಹಿಡಿದಳು.

ಬಾತುಕೋಳಿ ಎಡಕ್ಕೆ ವಾಲಿತು. ಧೊಪ್. ಬಲಕ್ಕೆ ವಾಲಿತು. ಧೊಪ್.

"ಏ, ಏ, ಬರ್ತಿದೆ ಇದು!" ಅಜ್ಜಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು. ಕುರ್ಚಿ ಅಲುಗಾಡಿತು. ಅವಳ ಬೆರಳು ತಾನಾಗಿಯೇ ಹಿಂದೆ ಸರಿಯುವ ಗುಂಡಿಗೆ ಹೋಯಿತು. "ಬಾ ತಾಯಿ, ಬಾ. ಮೊದಲು ನೀನು ಹೋಗು. ನನಗೇನು ಅವಸರ?"

ಬಾತುಕೋಳಿ ಹೊರಗೆ ಬಂತು. ಲಿಫ್ಟ್ ಮಾಮ ಒಳಗೆ ಹೋದ. ಬಾಗಿಲು ಮುಚ್ಚಿತು.

ರೇಡಿಯೋಳ ಬಾಯಿ ತುಂಬ ಮಾತಿತ್ತು. ಅದೆಲ್ಲ ಅಲ್ಲೇ ಇತ್ತು, ಒಂದೂ ಹೊರಗೆ ಬರಲಿಲ್ಲ. ಅವಳು ಅಜ್ಜಿಯ ಬೆರಳನ್ನೇ ನೋಡುತ್ತಿದ್ದಳು. ಸುಕ್ಕುಗಟ್ಟಿದ ಆ ಬೆರಳು ಈಗ ಗುಂಡಿಯಿಂದ ಗುಂಡಿಗೆ ಸ್ವಲ್ಪ ಧೈರ್ಯವಾಗಿ ಓಡಾಡುತ್ತಿತ್ತು. ಯಾರೂ ಅದಕ್ಕೆ ಏನೂ ಹೇಳಿಕೊಡುತ್ತಿರಲಿಲ್ಲ. ನೋಡುತ್ತ ಕೂರುವುದು ಇಷ್ಟು ಚೆನ್ನಾಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಕರಡಿಯನ್ನು ಇಳಿಸಿ, ಜಿರಾಫೆಯನ್ನು ಕೊನೆಯ ಮಹಡಿಗೆ ತಲುಪಿಸಿ, ಅಜ್ಜಿ ಕನ್ನಡಕ ತೆಗೆದಳು.

"ಆ ಬಾತುಕೋಳಿ ನಡಿಗೆ ಎಲ್ಲೋ ನೋಡಿದ ಹಾಗಿದೆಯಲ್ಲೇ," ಅಂದಳು.

ಅತ್ತೆ ಕಿಟಕಿಯ ಪರದೆ ಸರಿಪಡಿಸತೊಡಗಿದಳು. ರೇಡಿಯೋ ತನ್ನ ಕಾಲಿನ ಉಗುರು ನೋಡಿಕೊಂಡಳು. ಮಾತಾಡದೇ ಇರುವುದು ಅಂಥ ಕಷ್ಟವೇನೂ ಅಲ್ಲ ಎಂದು ಅವಳಿಗೆ ಆಗ ಇನ್ನೂ ಚೆನ್ನಾಗಿ ಅರ್ಥವಾಯಿತು.

ಸೋಮವಾರ ಬೆಳಿಗ್ಗೆ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಲೇ, ಅತ್ತೆ ಮೌಸ್ ಒತ್ತಿದಳು.

"ಆಯ್ತಾ?" ಶಾಲೆಯ ಚೀಲ ಹೊತ್ತು ನಿಂತಿದ್ದ ರೇಡಿಯೋ ಕೇಳಿದಳು.

"ಆಯ್ತು."

"ಇಷ್ಟೇನಾ?"

"ಇಷ್ಟೇ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಕಸದ ಗಾಡಿ ಹೋಯಿತು. ಅತ್ತೆಗೆ ಇನ್ನೊಂದು ಚಪ್ಪಲಿ ಮಂಚದ ಕೆಳಗೆ ಸಿಕ್ಕಿತು. ಅವಳು ಕನ್ನಡಕದ ಅಂಗಡಿಗೆ ಹೋದಳು, ರೇಡಿಯೋ ಶಾಲೆಗೆ ಹೋದಳು.

ಸಂಜೆ ಚೀಲ ಎಸೆದು ಮೇಲೆ ಓಡಿ ಬಂದಾಗ ಅತ್ತೆ ಏನೋ ಗುನುಗುತ್ತ ಪರದೆ ಒರೆಸುತ್ತಿದ್ದಳು.

"ಎಷ್ಟು ಜನ ಆಡಿದ್ರು?"

"ನಮ್ಮ ಊಟದ ಟೇಬಲ್ಲಿಗಿಂತ ಜಾಸ್ತಿ. ನಿಮ್ಮ ಕ್ಲಾಸಿಗಿಂತ ಕಡಿಮೆ."

"ಅಷ್ಟೇನಾ!"

"ಒಬ್ಬರೂ ನಮ್ಮ ನೆಂಟರಲ್ಲ ಕಣೇ," ಅಂದಳು ಅತ್ತೆ. ಹೇಳುವಾಗ ಅವಳ ಮುಖ ಅರಳಿತ್ತು. "ಯಾರೋ ಒಬ್ಬರು ಬರೆದೂ ಇದ್ದಾರೆ ನೋಡು."

ರೇಡಿಯೋ ಬಗ್ಗಿ ಓದಿದಳು. ಒಂದೇ ಸಾಲು. ಬಾತುಕೋಳಿಯ ಕೊಕ್ಕು ಹಳದಿ ಇರಬೇಕಿತ್ತು.

ಅತ್ತೆ ನಗು ತಡೆಹಿಡಿಯಲು ತುಟಿ ಕಚ್ಚಿಕೊಂಡಿದ್ದಳು. "ನಾನೇನೂ ಹೇಳಿಲ್ಲಪ್ಪ," ಅಂದಳು. "ಏನಂತೀಯಾ, ಹಳದಿ ಮಾಡೋಣ್ವಾ?"

ರೇಡಿಯೋ ಬಾಯಿ ತೆರೆದಳು. ಮುಚ್ಚಿದಳು. ಆ ಸಾಲನ್ನು ಮತ್ತೊಮ್ಮೆ ಓದಿದಳು.

"ಅವರು ಬಾಗಿಲು ದಾಟಿದ್ರಾ?"

"ಕೊನೆ ಮಹಡಿ ಜಿರಾಫೆಯ ಫೋಟೋ ಹಾಕಿದ್ದಾರೆ. ಕೆಳಗೆ ನೋಡು."

"ಯಾರೂ ಹೇಳಿಕೊಟ್ಟಿಲ್ಲ ತಾನೇ?"

"ಯಾರು ಹೇಳಿಕೊಡ್ತಾರೆ?"

"ಹಾಗಾದ್ರೆ ಇರಲಿ ಬಿಡು," ಅಂದಳು ರೇಡಿಯೋ. ರಟ್ಟಿನ ಪೆಟ್ಟಿಗೆಯ ಮೇಲೆ ಹತ್ತಿ ಕೂತು ಕಾಲು ಆಡಿಸತೊಡಗಿದಳು.

ಕೆಳಗಿನಿಂದ ಅಜ್ಜಿ ಕೂಗಿದಳು. "ಏನ್ರೇ, ಲಿಫ್ಟು ಮೇಲೆ ಹೋಯ್ತಾ?"

"ಹೋಯ್ತಮ್ಮಾ!"

"ಹಾಗಾದ್ರೆ ನನ್ನ ಚಮಚ ಕೊಡಿ!"

ಚಮಚ ಕೆಳಗೆ ಹೋಯಿತು. ಕೊಕ್ಕು ಕಿತ್ತಳೆಯಾಗಿಯೇ ಉಳಿಯಿತು.